ಬಲಗಡೆಯ ನೆಗ್ಗು

ಹಲ್ಲು ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಹಲ್ಲಿನ ಡಾಕ್ಟರೂ ಅಲ್ಲ. ಡಾಕ್ಟರುಗಳು ಕಿತ್ತು ಖಾಲಿ ಮಾಡಿ ಕಳಿಸಿದ ಬಾಯಿಗಳಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವರ ಕಸುಬು. ಮನೆಯ ಮುಂಭಾಗದ ಎರಡು ಕೋಣೆಗಳಲ್ಲಿ ಮೂವತ್ತೇಳು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಾರೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಮೇಣ, ಒಸಡಿನ ಬಣ್ಣದ ಪುಡಿಯ ಡಬ್ಬಿ, ಸಣ್ಣ ಮೋಟಾರು, ಅದರ ಸುತ್ತ ಯಾರ್‍ಯಾರದೋ ದವಡೆಗಳು. "ಊರಿನ ಅರ್ಧ ಜನ ನಗೋದು ನನ್ನ ಹಲ್ಲಲ್ಲಿ, ಇನ್ನರ್ಧ ಜನ ಇನ್ನೂ ಸರದಿಯಲ್ಲಿದ್ದಾರೆ" ಎಂದು ಬಂದವರಿಗೆಲ್ಲ ಹೇಳಿ ತಾವೇ ಮೊದಲು ನಗುತ್ತಾರೆ.

ಅವರಿಗೆ ಒಂದು ಚಟವಿದೆ. ಯಾವುದೇ ವಸ್ತುವಿಗೆ ಕೈ ಹಾಕುವ ಮೊದಲು ಅದರ ಅಚ್ಚು ತೆಗೆದಿಟ್ಟುಕೊಳ್ಳಬೇಕು. ಬಾಯಿಗಾದರೆ ಅದು ಕಸುಬಿನ ನಿಯಮ. ಮೇಷ್ಟ್ರು ಅದನ್ನು ಮನೆತನಕ ತಂದಿದ್ದರು. ಮದುವೆಯಾದ ಹೊಸದರಲ್ಲಿ ಹೆಂಡತಿ ಒಡೆದ ಕಪ್ಪಿನ ಹಿಡಿಯ ಅಚ್ಚು, ಇಸ್ತ್ರಿಪೆಟ್ಟಿಗೆಯ ಗುಂಡಿಯ ಅಚ್ಚು, ಎಲ್ಲವೂ ತಾರೀಖು ಬರೆಸಿಕೊಂಡು ಅಟ್ಟದ ಮೇಲೆ ಸಾಲಾಗಿ ಕೂತಿವೆ. ರಿಪೇರಿಯಾಗದೆ ಉಳಿದದ್ದು ಹಿತ್ತಿಲ ನಲ್ಲಿ ಮಾತ್ರ. ಅಪ್ಪನ ಕಾಲದ ಹಿತ್ತಾಳೆ ನಲ್ಲಿ ಅದು. ಮೂತಿ ಯಾವಾಗ ಮುಕ್ಕಾಯಿತೋ ಯಾರಿಗೂ ನೆನಪಿಲ್ಲ, ತಿರುಗಿಸಿದರೆ ನೀರು ನೆಟ್ಟಗೆ ಬೀಳದೆ ಓರೆಯಾಗಿ ಬಂದು ನಿಂತವರ ಬಟ್ಟೆ ತೋಯಿಸುತ್ತದೆ. "ಊರವರ ಬಾಯೆಲ್ಲ ಸರಿ ಮಾಡ್ತೀರಿ, ಈ ಒಂದು ಬಾಯಿ ಸರಿ ಮಾಡಿ" ಎಂದು ಹೆಂಡತಿ ಹೇಳಿ ಹೇಳಿ ಸುಸ್ತಾಗಿದ್ದಳು. "ಗಟ್ಟಿ ಹಿತ್ತಾಳೆ ಕಣೇ, ಈಗ ಇಂಥದ್ದು ಸಿಗಲ್ಲ" ಎನ್ನುವುದು ಮೇಷ್ಟ್ರ ಉತ್ತರ.

ಕಸುಬಿನಲ್ಲಿ ಅವರು ಕಲಿತ ದೊಡ್ಡ ಪಾಠ ಒಬ್ಬ ಬಸ್ ಕಂಡಕ್ಟರನ ಹೆಂಡತಿಯಿಂದ ಬಂದದ್ದು. ಕಂಡಕ್ಟರನಿಗೆ ಮುತ್ತು ಪೋಣಿಸಿದ ಹಾಗೆ ಹಲ್ಲು ಮಾಡಿಕೊಟ್ಟಿದ್ದರು. ಮಾರನೆಯ ದಿನವೇ ಆಕೆ ಸೆಟ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು ಮೇಜಿನ ಮೇಲಿಟ್ಟು, "ಚೆನ್ನಾಗಿದೆ, ಆದ್ರೆ ಇದು ನನ್ನ ಗಂಡನ ಬಾಯಲ್ಲ" ಎಂದಿದ್ದಳು. ಆತನ ಮುಂದಿನ ಎರಡು ಹಲ್ಲಿನ ನಡುವೆ ಸಂದಿಯಿತ್ತಂತೆ, ಸೀಟಿ ಹೊಡೆಯುತ್ತಿದ್ದದ್ದೇ ಅದರಲ್ಲಂತೆ. ಅಂದಿನಿಂದ ಮೇಷ್ಟ್ರು ಹಳೆಯ ಫೋಟೋ ನೋಡದೆ ಕೆಲಸ ಶುರು ಮಾಡುವುದಿಲ್ಲ. ಸೊಟ್ಟವಿದ್ದ ಹಲ್ಲನ್ನು ಸೊಟ್ಟವಾಗಿಯೇ ಕೂರಿಸುತ್ತಾರೆ. ಇಷ್ಟು ಬುದ್ಧಿ ಬಂದ ಮನುಷ್ಯ ಅಕ್ಕನ ಬೈಕಿನ ವಿಷಯದಲ್ಲಿ ಹೇಗೆ ಎಡವಿದರು ಎನ್ನುವುದೇ ಈ ಕಥೆ.

ಅಕ್ಕ ಅವರಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು, ದನದ ಡಾಕ್ಟರು. ಅವಳು ಕೆಲಸಕ್ಕೆ ಸೇರಿದಾಗ ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆ ರಸ್ತೆಯೇ ಇರಲಿಲ್ಲ, ಕರು ಹಾಕುವ ಹಸು ರಸ್ತೆ ಆಗುವವರೆಗೆ ಕಾಯುವುದೂ ಇಲ್ಲ. ಹಾಗಾಗಿ ಗುಡ್ಡ ಹತ್ತುವ ರೇಸು ಬಿಟ್ಟುಬಿಟ್ಟಿದ್ದ ಯಾರಿಂದಲೋ ಒಂದು ಬೈಕು ತಂದಳು. ಗಂಟುಗಂಟು ಟಯರು, ಎದೆಮಟ್ಟದ ಮಡ್‌ಗಾರ್ಡು, ಸೀಟಿನ ಪಕ್ಕದಲ್ಲೇ ಮೇಲಕ್ಕೆ ಹಾದುಹೋದ ಸೈಲೆನ್ಸರು. ಅದಕ್ಕೆ ಹೇಸರಗತ್ತೆ ಎಂದು ಹೆಸರಿಟ್ಟಳು. ಕಲ್ಲು, ಕೆಸರು, ತೊರೆ ಯಾವುದಕ್ಕೂ ಅದು ಜಗ್ಗುತ್ತಿರಲಿಲ್ಲ. ಒಮ್ಮೆ ನಿತ್ರಾಣವಾದ ಕರುವನ್ನು ಟ್ಯಾಂಕಿನ ಮೇಲೆ ಅಡ್ಡ ಮಲಗಿಸಿಕೊಂಡು ಅಕ್ಕ ಗುಡ್ಡ ಇಳಿದಿದ್ದಳು. ಕರು ದಾರಿಯುದ್ದಕ್ಕೂ ಅವಳ ಕಿವಿ ಚೀಪಿತ್ತು. ಈ ಕಥೆಯನ್ನು ಕೇಳದೆ ಆ ಮನೆಯಲ್ಲಿ ಯಾರೂ ಊಟ ಮುಗಿಸಿ ಎದ್ದದ್ದಿಲ್ಲ.

ಮೇಷ್ಟ್ರು ತಮ್ಮ ಕೆಲಸದ ಕೋಣೆ ಶುರು ಮಾಡಿದ ವರ್ಷ ಅಕ್ಕ ಹೇಸರಗತ್ತೆಯನ್ನು ಮಾರಿದಳು. ಯಾಕೆಂದು ಅವಳು ಹೇಳಲಿಲ್ಲ. ಮೇಜಿನ ಮೇಲೆ ಅಕ್ಕ ಕೊಡಿಸಿದ ಹೊಸ ಮೋಟಾರು ಬಂದು ಕೂತಾಗ ತಮ್ಮನಿಗೆ ತಾನಾಗಿಯೇ ಅರ್ಥವಾಯಿತು. ಅಂದಿನಿಂದ ಅವರ ಎದೆಯಲ್ಲಿ ಒಂದು ಮುಳ್ಳು ಉಳಿದೇಹೋಯಿತು, ಆ ಬೈಕನ್ನು ಎಂದಾದರೂ ಅಕ್ಕನಿಗೆ ವಾಪಸು ತಂದುಕೊಡಬೇಕು ಎಂದು.

ಅದು ಸಿಕ್ಕಿದ್ದು ಒಂದು ಕೋಳಿ ಫಾರಮ್ಮಿನ ಶೆಡ್ಡಿನಲ್ಲಿ. ಫಾರಮ್ಮಿನವನ ತಾಯಿಗೆ ಸೆಟ್ಟು ಕೊಡಲು ಹೋದ ಮೇಷ್ಟ್ರು ಮೂಲೆಯಲ್ಲಿ ಎಡಕ್ಕೆ ಬಾಗಿದ ಒಂದು ಹ್ಯಾಂಡಲ್ ನೋಡಿ ಅಲ್ಲೇ ನಿಂತುಬಿಟ್ಟರು. ಹೆಡ್‌ಲೈಟಿನ ಗೂಡಿನೊಳಗೆ ಕೋಳಿಯೊಂದು ಕಾವು ಕೂತಿತ್ತು. ಮೇಷ್ಟ್ರ ಕಣ್ಣು ಅರಳಿದ್ದನ್ನು ಕಂಡ ಫಾರಮ್ಮಿನವನು, ಅಮ್ಮನ ಸೆಟ್ಟಿನ ಜೊತೆಗೆ ಅಪ್ಪನಿಗೂ ಒಂದು ಸೆಟ್ಟು, ಮಾವನಿಗೂ ಒಂದು ಸೆಟ್ಟು ಎಂದ. ಮೇಷ್ಟ್ರು ಚೌಕಾಸಿ ಮಾಡಲಿಲ್ಲ. ಕೋಳಿ ಮರಿ ಮಾಡುವವರೆಗೆ ಕಾದು ಗಾಡಿ ತಂದರು.

ಮುಂದಿನ ನಾಲ್ಕು ವರ್ಷ ಹಿಂದಿನ ಕೋಣೆಗೆ ಬೀಗ. ಅಕ್ಕ ಬಂದಾಗಲೆಲ್ಲ ಅಲ್ಲಿ ಗೆದ್ದಲು ಮದ್ದು ಹೊಡೆದಿದೆ ಎಂಬ ಸುಳ್ಳು. ನಾಲ್ಕು ವರ್ಷ ಯಾವ ಗೆದ್ದಲು ಬದುಕುತ್ತದೆ ಎಂದು ಅವಳು ಕೇಳಲಿಲ್ಲ. ಮೇಷ್ಟ್ರು ಒಂದೊಂದೇ ಭಾಗ ಬಿಚ್ಚಿದರು, ಬಿಚ್ಚುವ ಮೊದಲು ಅಚ್ಚು ತೆಗೆದರು. ಟ್ಯಾಂಕಿನ ಎಡಬಲ ಎರಡೂ ಮಗ್ಗುಲಿಗೆ ಪ್ಲಾಸ್ಟರ್ ಬಳಿದು ತೆಗೆದ ಅಚ್ಚುಗಳೇ ಒಂದೊಂದು ಕುಂಬಳಕಾಯಿಯಷ್ಟಿದ್ದವು. ಕಾರ್ಬ್ಯುರೇಟರನ್ನು ಹಲ್ಲು ತೊಳೆಯುವ ದ್ರಾವಣದಲ್ಲಿ ನೆನೆಸಿದರು. ಸಿಗದ ರಬ್ಬರುಗಳನ್ನು ಬಾಯಿಯ ಅಳತೆಗೆ ಬಳಸುವ ಸಾಮಾನಿನಲ್ಲೇ ಎರಕ ಹೊಯ್ದರು. ಒಡೆದ ಪಕ್ಕದ ಮುಚ್ಚಳವನ್ನು ಸೆಟ್ಟು ಮಾಡುವ ಪುಡಿಯಿಂದಲೇ ಮಾಡಿದ್ದರಿಂದ, ಬಣ್ಣ ಬೀಳುವವರೆಗೆ ಹೇಸರಗತ್ತೆಗೆ ಒಂದು ಕಡೆ ಒಸಡು ಮೂಡಿದ ಹಾಗಿತ್ತು. ಬಾಗಿದ ಹ್ಯಾಂಡಲ್ ನೆಟ್ಟಗಾಯಿತು. ನೆಗ್ಗಿದ ಟ್ಯಾಂಕನ್ನು ಪಕ್ಕದ ಬೀದಿಯ ಟಿಂಕರನು ತಟ್ಟಿ ತಟ್ಟಿ ಕನ್ನಡಿ ಮಾಡಿದ.

ಅಕ್ಕನಿಗೆ ಎಪ್ಪತ್ತು ತುಂಬಿದ ದಿನ ಅವಳನ್ನೂ ಭಾವನನ್ನೂ ಕರೆಸಿ, ಹಿತ್ತಿಲಿನಲ್ಲಿ ಬೈಕು ನಿಲ್ಲಿಸಿ, ಹೊದಿಸಿದ ಬಟ್ಟೆ ಎಳೆದರು.

ಅಕ್ಕ ಒಂದು ಸುತ್ತು ಬಂದಳು. ಕನ್ನಡಕ ಏರಿಸಿದಳು, ಇಳಿಸಿದಳು. ಕೊನೆಗೆ, "ಚೆನ್ನಾಗಿದೆ. ಯಾರದ್ದೋ ಇದು?" ಎಂದಳು.

ಮೇಷ್ಟ್ರಿಗೆ ನೆಲವೇ ಬಿರಿದಂತಾಯಿತು. "ನಿಂದೇ ಅಕ್ಕ. ಹೇಸರಗತ್ತೆ."

"ಸುಮ್ನಿರೋ. ನಂದು ಯಾವ್ದು ಅಂತ ನನಗೆ ಗೊತ್ತಿಲ್ವಾ? ಎಡಗಡೆ ಎಮ್ಮೆ ಒದ್ದಿದ್ದ ನೆಗ್ಗಿತ್ತು, ನನ್ನ ಮಂಡಿ ಅದರೊಳಗೇ ಕೂರ್ತಿತ್ತು. ಹ್ಯಾಂಡಲ್ ಎಡಕ್ಕೆ ಹಿಡಿದ್ರೆ ಬೈಕ್ ನೆಟ್ಟಗೆ ಹೋಗ್ತಿತ್ತು. ಮತ್ತೆ ಬಲಗಡೆ..." ಎಂದು ಗಂಡನ ಕಡೆ ತಿರುಗಿ ಕಣ್ಣು ಕಿರಿದು ಮಾಡಿದಳು. "ಬಲಗಡೆ ಈ ಮಹಾನುಭಾವರು ಬೀಳಿಸಿದ ನೆಗ್ಗು. ಅದೆಲ್ಲಿ? ಅದಿಲ್ದೆ ಅದು ನನ್ನ ಬೈಕ್ ಹೇಗಾಗುತ್ತೆ?"

ಭಾವ ಆಕಾಶ ನೋಡಿದರು. ಅಕ್ಕ ಬೈಕಿನ ಸೀಟನ್ನು ಪರರ ಮಗುವಿನ ತಲೆ ಸವರುವ ಹಾಗೆ ಒಮ್ಮೆ ಸವರಿ, ಟೀ ಕುಡಿಯಲು ಒಳಗೆ ಹೋದಳು.

ಅವರೆಲ್ಲ ಹೋದ ಮೇಲೆ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ಹೆಂಡತಿ ಬಾಗಿಲಿಗೆ ಒರಗಿ ನಿಂತಳು. "ಹಲ್ಲಿಗಾದ್ರೆ ಸೊಟ್ಟ ಬಿಡ್ತೀರಿ, ಸಂದಿ ಬಿಡ್ತೀರಿ. ಬೈಕಿಗ್ಯಾಕೆ ಬಿಡಲಿಲ್ಲ?" ಮೇಷ್ಟ್ರು ನಾಲ್ಕು ವರ್ಷ ಕೂತು ಅಕ್ಕನ ಬೈಕಿನಿಂದ ಅಕ್ಕನನ್ನೇ ಉಜ್ಜಿ ಅಳಿಸಿಬಿಟ್ಟಿದ್ದರು. ಹಾಗೆಂದು ಅನಿಸಿ ಅವರಿಗೆ ಅಳುವೇ ಬಂತು. ಆಮೇಲೆ ಅಟ್ಟದ ಮೇಲಿನ ಅಚ್ಚುಗಳು ನೆನಪಾದವು.

ಎಡಗಡೆಯ ನೆಗ್ಗನ್ನು ಮರಳಿ ಹಾಕುವುದು ಕಷ್ಟವಾಗಿರಲಿಲ್ಲ. ಕಷ್ಟವಿದ್ದದ್ದು ಬಲಗಡೆಯ ನೆಗ್ಗು. ಅದರ ಕಥೆ ಮನೆಯವರೆಲ್ಲರ ಬಾಯಲ್ಲಿತ್ತು. ನಲವತ್ತೆರಡು ವರ್ಷದ ಹಿಂದೆ ಅಕ್ಕ ಎರಡು ದಿನ ಬೇರೆ ಊರಿಗೆ ಹೋದಾಗ ಬೈಕಿನ ಕೀ ದನದ ಆಸ್ಪತ್ರೆಯ ಕಾಂಪೌಂಡರನ ಕೈಯಲ್ಲಿತ್ತು. ಆತ ಚಪಲ ತಡೆಯಲಾರದೆ ಓಡಿಸಲು ಹೋಗಿ, ಆಸ್ಪತ್ರೆಯ ಗೇಟಿನ ಕಂಬಕ್ಕೆ ಕೆಡವಿದ. ಅಕ್ಕ ಬಂದವಳು ಅರ್ಧ ಗಂಟೆ ಬೈದಳು. ಆ ನೆಗ್ಗು ಕಣ್ಣಿಗೆ ಬೀಳಬಾರದೆಂದು ಔಷಧಿ ಚೀಲವನ್ನು ಸದಾ ಅದರ ಮೇಲೇ ನೇತುಹಾಕಿದಳು. ಮುಂದೊಂದು ದಿನ ಕಾಂಪೌಂಡರನನ್ನೇ ಮದುವೆಯಾದಳು. "ಒಂದು ಸಲ ಬೀಳಿಸಿದ್ದು ಸಾಕು" ಎಂದು ಇಂದಿನವರೆಗೂ ಆತನ ಕೈಗೆ ಒಂದು ವಾಹನ ಕೊಟ್ಟಿಲ್ಲ. ಕಾರು ಓಡಿಸುವುದು ಅಕ್ಕ, ಪಕ್ಕದಲ್ಲಿ ಬಾಗಿಲ ಹಿಡಿ ಹಿಡಿದು ಕೂರುವುದು ಭಾವ.

ಇದು ಚಾಲ್ತಿಯಲ್ಲಿದ್ದ ಕಥೆ. ನಿಜ ಗೊತ್ತಿದ್ದವರು ಇಬ್ಬರೇ, ಭಾವ ಮತ್ತು ಮೇಷ್ಟ್ರು. ಅಕ್ಕ ತೊಳೆದಿಡಲು ಹೇಳಿದ್ದಾಳೆ ಎಂದು ಸುಳ್ಳು ಹೇಳಿ ಬೈಕನ್ನು ಮನೆಗೆ ತಳ್ಳಿಕೊಂಡು ಬಂದವರು ಆಗ ಹತ್ತೊಂಬತ್ತರ ಮೇಷ್ಟ್ರು. ಹಿತ್ತಿಲಿನಲ್ಲಿ ಕಿಕ್ ಹೊಡೆದು, ಗೇರು ಹಾಕಿ, ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಬೈಕು ಅವರ ಮೇಲಿತ್ತು. ಎಲ್ಲಿಗೆ ಬಡಿಯಿತು ಎಂದು ನೋಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಬಹುಶಃ ಬಟ್ಟೆ ಒಗೆಯುವ ಕಲ್ಲಿಗಿರಬೇಕು ಅಂದುಕೊಂಡರು. ಕುಂಟುತ್ತ ಬೈಕನ್ನು ಮರಳಿ ತಳ್ಳಿಕೊಂಡು ಹೋಗಿ ಕಾಂಪೌಂಡರನ ಮುಂದೆ ಕೈ ಜೋಡಿಸಿದ್ದರು. ಆತ ನಕ್ಕು ಕೀ ಇಸಿದುಕೊಂಡಿದ್ದ, ಅಷ್ಟೆ.

ಅಕ್ಕನ ಹುಟ್ಟುಹಬ್ಬವಾದ ಮೂರನೆಯ ದಿನ ಭಾವ ಒಬ್ಬರೇ ಬಂದು ಕೆಲಸದ ಕೋಣೆಯ ಸ್ಟೂಲಿನ ಮೇಲೆ ಕೂತರು.

"ಬಲಗಡೆದೂ ಹಾಕ್ತೀಯಾ?"

"ಹಾಕ್ಲೇಬೇಕಲ್ಲ ಭಾವ. ಅವಳೇ ಕೇಳಿದ್ಲು. ಹಾಕೋವಾಗ ನಿಜಾನೂ ಹೇಳಿಬಿಡ್ತೀನಿ. ನನ್ನ ತಪ್ಪಿಗೆ ನೀವೆಷ್ಟು ವರ್ಷ ಬೈಸ್ಕೋತೀರಿ?"

ಭಾವ ಹೌಹಾರಿದರು. "ಏ, ಹಾಗೆಲ್ಲಾದ್ರೂ ಮಾಡೀಯೆ. ನಿಮ್ಮಕ್ಕ ಅಲ್ಲೀವರೆಗೂ ನನ್ನ ಹತ್ರ ಮಾತಾಡ್ತಿದ್ದದ್ದೇನು? ಸೂಜಿ ಕೊಡಿ, ಹತ್ತಿ ಕೊಡಿ, ಆ ಬಾಟ್ಲಿ ಕೊಡಿ. ಎರಡು ವರ್ಷ ಕಣಯ್ಯಾ. ನಾನೇ ಬೀಳಿಸ್ದೆ ಅಂದ್ನೋ ಇಲ್ವೋ, ಅರ್ಧ ಗಂಟೆ ನನ್ನ ಮುಖಾನೇ ನೋಡ್ಕೊಂಡು ಮಾತಾಡಿದ್ಲು. ಬೈಗುಳಾನೇ ಇರ್ಲಿ. ಮಾರನೇ ದಿನ, ಜಾಸ್ತಿ ಆಯ್ತೇನೋ ಅಂತ ಟೀ ತಂದುಕೊಟ್ಲು. ನನ್ನ ಸಂಸಾರ ನಿಂತಿರೋದೇ ಆ ನೆಗ್ಗಿನ ಮೇಲೆ. ಈಗ ಸುಳ್ಳು ಅಂತ ಗೊತ್ತಾದ್ರೆ, ಇನ್ನೇನೇನು ಸುಳ್ಳು ಹೇಳಿದ್ದೀನಿ ಅಂತ ಹುಡುಕೋಕೆ ಕೂರ್ತಾಳೆ. ಈ ವಯಸ್ಸಲ್ಲಿ ನನಗೆ ಅದಾಗಲ್ಲ."

"ಮತ್ತೆ ಇನ್ನೇನು ಸುಳ್ಳು ಹೇಳಿದ್ದೀರಿ?"

"ನೆಗ್ಗು ಹಾಕು, ಬಾಯಿಗೆ ಬೀಗ ಹಾಕ್ಕೋ" ಎಂದು ಭಾವ ಎದ್ದರು. ಹೋಗುವಾಗ ಮೆಟ್ಟಿಲಲ್ಲಿ ಒಮ್ಮೆ ತಿರುಗಿ ನೋಡಿದರು, ಏನೋ ಹೇಳಬೇಕೆಂದು ನುಂಗಿಕೊಂಡವರ ಹಾಗೆ.

ಟಿಂಕರನಿಗೆ ಮೊದಲು ಇದು ಗೇಲಿ ಅನಿಸಿತು. "ಮೂವತ್ತು ವರ್ಷ ನೆಗ್ಗು ತೆಗೆದಿದ್ದೀನಿ ಸಾರ್, ಹಾಕಿಲ್ಲ. ನನ್ನ ಅಂಗಡಿ ಮುಂದೆ ಯಾರಾದ್ರೂ ನೋಡಿದ್ರೆ ನಾಳೆಯಿಂದ ಗಿರಾಕಿ ಬರಲ್ಲ" ಎಂದು ಶಟರ್ ಅರ್ಧ ಎಳೆದುಕೊಂಡ ಮೇಲೆಯೇ ಸುತ್ತಿಗೆ ಎತ್ತಿದ್ದು. ಟ್ಯಾಂಕು ನೆಗ್ಗಿದ್ದ ಜಾಗದಲ್ಲಿ ಅಚ್ಚು ಉಬ್ಬಿಕೊಂಡಿತ್ತು. ಅದನ್ನು ನೋಡಿಕೊಂಡು, ಪ್ರತಿ ಪೆಟ್ಟಿಗೂ ನಿಟ್ಟುಸಿರು ಬಿಡುತ್ತ, ಎಡಗಡೆ ಎಮ್ಮೆಯ ಒದೆಯನ್ನೂ ಬಲಗಡೆ ದೊಡ್ಡ ತಗ್ಗನ್ನೂ ಕೂರಿಸಿದ. ಬಾಗಿದ ಹ್ಯಾಂಡಲ್ಲನ್ನು ನೆಟ್ಟಗೆ ಮಾಡಿದವನೇ ಮತ್ತೆ ಬಾಗಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲವೂ ಸುಸೂತ್ರವಾಗಿರುತ್ತಿತ್ತು. ಆದರೆ ಮೇಷ್ಟ್ರು ಅಷ್ಟಕ್ಕೇ ಬಿಡುವ ಪೈಕಿಯಲ್ಲ. ಬಲಗಡೆಯ ಅಚ್ಚಿನ ಉಬ್ಬಿನ ನಡುವೆ ಉಗುರಿನಷ್ಟಗಲದ ಅರ್ಧಚಂದ್ರದಂಥ ಒಂದು ಗೆರೆಯಿತ್ತು, ಗೆರೆ ಒಂದು ಕಡೆ ತುಂಡಾಗಿತ್ತು. ಅದೇನೆಂದು ಅವರು ಯೋಚಿಸಲಿಲ್ಲ. ಅಚ್ಚಿನಲ್ಲಿದೆ, ಟ್ಯಾಂಕಿನಲ್ಲೂ ಇರಬೇಕು, ಮುಗಿಯಿತು. ಹಲ್ಲಿಗೆ ಬಳಸುವ ಪುಟ್ಟ ಉಳಿಗಳನ್ನು ಹಿಡಿದು, ಭೂತಗನ್ನಡಿ ಇಟ್ಟುಕೊಂಡು, ಮೂರು ಮಧ್ಯಾಹ್ನ ಕೂತು ಆ ಗೆರೆಯನ್ನು ತುಂಡಾದ ಜಾಗದ ಸಮೇತ ಮೂಡಿಸಿದರು. ಬಣ್ಣವನ್ನು ಈ ಸಲ ತೆಳ್ಳಗೆ ಹೊಡೆಸಿದರು, ಕೆಲಸ ಕಾಣಲೆಂದು.

ಎರಡನೆಯ ಸಲ ಬಟ್ಟೆ ಎಳೆದಾಗ ಅಕ್ಕ ನೇರವಾಗಿ ಹೋಗಿ ಹತ್ತಿ ಕೂತಳು. ಎಪ್ಪತ್ತರ ಎಡ ಮಂಡಿ ಎಮ್ಮೆಯ ನೆಗ್ಗಿನೊಳಗೆ ತಾನಾಗಿಯೇ ಸೇರಿಕೊಂಡಿತು. ಕೈಗಳು ಎಡಕ್ಕೆ ಬಾಗಿದ ಹ್ಯಾಂಡಲ್ಲನ್ನು ಹಿಡಿದವು. "ಬಂದ್ಯಾ" ಎಂದಳು, ತಮ್ಮನಿಗಲ್ಲ. ಮೇಷ್ಟ್ರು ಮೂಗೊರೆಸಿಕೊಳ್ಳಲು ಅತ್ತ ತಿರುಗಿದರು.

ಅಕ್ಕ ಕಾರಿನಿಂದ ತನ್ನ ಹಳೆಯ ಔಷಧಿ ಚೀಲ ತರಿಸಿ, ರೂಢಿಯಂತೆ ಬಲಗಡೆಗೆ ನೇತುಹಾಕಿದಳು. ಪ್ಲಗ್ ಬಿಚ್ಚಿ ನೋಡಿದಳು, ಚೈನು ಎಳೆದು ನೋಡಿದಳು, ಕೈತುಂಬ ಗ್ರೀಸು ಮೆತ್ತಿಕೊಂಡು ತೊಳೆಯಲು ನಲ್ಲಿಗೆ ಹೋದಳು. ನೀರು ಓರೆಯಾಗಿ ಬಂದು ಅವಳ ತೋಳು ತೋಯಿಸಿತು. ಬಗ್ಗಿ ಮೂತಿ ನೋಡಿದಳು. ಕೈ ತೊಳೆಯುವುದನ್ನು ಮರೆತು ಹಾಗೇ ನಿಂತಳು. ಬಂದು ಚೀಲ ಸರಿಸಿ ಟ್ಯಾಂಕು ನೋಡಿದಳು. ಮತ್ತೆ ನಲ್ಲಿಗೆ ಹೋದಳು. ಹಸುವಿನ ಮೈಮೇಲಿನ ಗಾಯ ನೋಡಿ ಯಾವ ಹೋರಿಯ ಕೊಂಬು ಎಂದು ಹೇಳುತ್ತಿದ್ದವಳು ಅವಳು.

"ಇಬ್ರೂ ಬನ್ನಿ ಇಲ್ಲಿ."

ಇಬ್ಬರೂ ಬಂದರು, ಲಸಿಕೆಗೆ ಎಳೆತಂದ ಕರುಗಳ ಹಾಗೆ.

"ಆಸ್ಪತ್ರೆ ಗೇಟಿನ ಕಂಬಕ್ಕೆ ಅಲ್ವೇನ್ರೀ ನೀವು ಬೀಳಿಸಿದ್ದು?"

"ಹೂಂ" ಎಂದರು ಭಾವ.

"ಹಾಗಾದ್ರೆ ಆ ಕಂಬಕ್ಕೆ ನಮ್ಮನೆ ನಲ್ಲಿ ಮೂತಿ ಹೇಗೆ ಬಂತು? ಮುಕ್ಕಿನ ಸಮೇತ?"

ಮೇಷ್ಟ್ರು ನಲ್ಲಿ ನೋಡಿದರು. ಟ್ಯಾಂಕು ನೋಡಿದರು. ಮೂರು ಮಧ್ಯಾಹ್ನ ಭೂತಗನ್ನಡಿ ಹಿಡಿದು ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ಕೆತ್ತಿದ್ದು ಆಗ ಹೊಳೆಯಿತು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ನಾನು ಅಕ್ಕ" ಎಂದರು. ಅರವತ್ತೊಂದರ ಬಾಯಿಂದ ಹತ್ತೊಂಬತ್ತರ ಧ್ವನಿ ಬಂತು.

ಅಕ್ಕ ತಮ್ಮನ ಕಿವಿ ಹಿಂಡಿದಳು, ಗ್ರೀಸಿನ ಕೈಯಲ್ಲೇ. ಆಮೇಲೆ ಗಂಡನತ್ತ ತಿರುಗಿದಳು. ಇಬ್ಬರ ಇಷ್ಟು ವರ್ಷದ ಸಂಸಾರ ತಮ್ಮ ಉಳಿಯ ತುದಿಯಲ್ಲಿ ಹಾಳಾಯಿತು ಅಂದುಕೊಂಡರು ಮೇಷ್ಟ್ರು.

"ನೀವ್ಯಾಕ್ರೀ ಒಪ್ಕೊಂಡ್ರಿ?"

"ಅಲ್ಲ, ಅದು... ಇಲ್ಲ ಅಂದಿದ್ರೆ ನೀನು ಒಳಗೆ ಹೋಗಿ ಬಿಡ್ತಿದ್ದೆ. ಹೌದು ಅಂದಿದ್ದಕ್ಕೆ ನಿಂತು ಬೈದೆ. ನನಗೆ ಅಷ್ಟು ಸಾಕಿತ್ತು."

ಅಕ್ಕ ಬಹಳ ಹೊತ್ತು ಗಂಡನ ಮುಖ ನೋಡಿದಳು. ಆಮೇಲೆ ಬೈಕಿನ ಕೀ ತೆಗೆದು ಅವರ ಅಂಗೈಯಲ್ಲಿಟ್ಟಳು. "ತಗೊಳ್ಳಿ. ಇಷ್ಟು ವರ್ಷ ಸುಮ್‌ಸುಮ್ನೆ ಓಡಿಸೋಕೆ ಬಿಡಲಿಲ್ಲ ನಾನು. ನನ್ನದೇ ತಪ್ಪು. ಇವತ್ತು ನೀವು ಓಡಿಸಿ, ನಾನು ಹಿಂದೆ ಕೂರ್ತೀನಿ."

ಭಾವ ಕೀಯನ್ನು ಕಾದ ಕೆಂಡದ ಹಾಗೆ ಹಿಡಿದು ನಿಂತರು. ಅಂದು ಮೆಟ್ಟಿಲಲ್ಲಿ ನುಂಗಿಕೊಂಡದ್ದು ಈಗ ಹೊರಬಂತು. "ನನಗೆ ಓಡಿಸೋಕೆ ಬರಲ್ಲ."

"ಮರೆತಿರಬೇಕು. ಎರಡು ನಿಮಿಷದಲ್ಲಿ ಬರುತ್ತೆ."

"ಮರೆಯೋಕೆ ಯಾವತ್ತೂ ಬಂದಿಲ್ಲ. ಬೈಕೂ ಬರಲ್ಲ, ಕಾರೂ ಬರಲ್ಲ. ನನಗೆ ಸೈಕಲ್ ಒಂದೇ ಬರೋದು. ನೀನೇ ಕೊಡಲ್ಲ ಅಂದಿದ್ರಿಂದ ನನ್ನ ಮಾನ ಉಳ್ಕೊಂಡಿತ್ತು."

ಅಕ್ಕ ನಕ್ಕಳು. ಸೀಟಿನ ಮೇಲೆ ಕೈಯೂರಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಸ್ಟಾರ್ಟ್ ಮಾಡಲೂ ಬಾರದ ಬೈಕನ್ನು ತಾನು ಬೀಳಿಸಿದೆನೆಂದು ಹೇಳಿ ಇಷ್ಟು ವರ್ಷ ಬೈಸಿಕೊಂಡ ಮನುಷ್ಯನನ್ನು ಹೊಸದಾಗಿ ನೋಡುವ ಹಾಗೆ ನೋಡಿದಳು. "ಹತ್ತಿ" ಎಂದಳು. "ಇವತ್ತು ಕಲೀತೀರಿ."

ಎಪ್ಪತ್ತೆರಡರ ಭಾವ ಹತ್ತಿದರು. ಅಕ್ಕ ಪಕ್ಕದಲ್ಲಿ ನಿಂತು ಕಿಕ್ ಹೊಡೆದಳು. ಹೇಸರಗತ್ತೆ ಕೆಮ್ಮಿ, ಹೊಗೆ ಉಗುಳಿ, ಹಿತ್ತಿಲು ನಡುಗುವ ಹಾಗೆ ಗುಡುಗಿತು. "ಕ್ಲಚ್ ಮೆಲ್ಲಗೆ ಬಿಡಿ. ಮೆಲ್ಲಗೆ. ಹಾಲು ಕರೆಯೋವಾಗ ಬಿಡ್ತಾರಲ್ಲ, ಹಾಗೆ." ಭಾವ ಹಾಲು ಕರೆದವರಲ್ಲ. ಔಷಧಿ ಬಾಟಲಿಯ ಬಿರಡೆ ಕೀಳುವವರ ಹಾಗೆ ಬಿಟ್ಟರು. ಬೈಕು ನೆಗೆಯಿತು, ಎಡಕ್ಕೆ ಬಾಗಿದ ಹ್ಯಾಂಡಲ್ಲನ್ನು ಭಾವ ನೆಟ್ಟಗೆ ಹಿಡಿದಿದ್ದರಿಂದ ಬಲಕ್ಕೆ ತಿರುಗಿತು, ಭಾವನನ್ನು ಒದ್ದೆ ಮಣ್ಣಿನಲ್ಲಿ ಕೂರಿಸಿ ಮುಂದೆ ಹೋಗಿ ನಲ್ಲಿಗೆ ಬಡಿದು ಮಲಗಿತು. ಅಪ್ಪನ ಕಾಲದ ಹಿತ್ತಾಳೆ ಬುಡಸಮೇತ ಕಿತ್ತು ಬಂದು, ನೀರು ಮಾಡಿನೆತ್ತರಕ್ಕೆ ಚಿಮ್ಮಿತು.

"ಅಂತೂ ಹೊಸ ನಲ್ಲಿ ಬರುತ್ತೆ" ಎಂದಳು ಮೇಷ್ಟ್ರ ಹೆಂಡತಿ, ಕಿಟಕಿಯಿಂದ.

ಭಾವನಿಗೆ ಏನೂ ಆಗಿರಲಿಲ್ಲ. ಕೆಸರಿನಲ್ಲಿ ಕೂತು ಹಲ್ಲು ಕಿರಿಯುತ್ತಿದ್ದರು. ಮೇಷ್ಟ್ರು ಮಾತ್ರ ಒರೆಸುವ ಬಟ್ಟೆ ಹಿಡಿದುಕೊಂಡು ಬೈಕಿನತ್ತ ಓಡಿದರು. ಎತ್ತಿ ನಿಲ್ಲಿಸಿ ನೋಡಿದರೆ, ಅವರ ಮೂರು ಮಧ್ಯಾಹ್ನದ ಅರ್ಧಚಂದ್ರದ ಮೇಲೆಯೇ ಬೊಗಸೆಯಷ್ಟು ದೊಡ್ಡ ಹೊಸ ನೆಗ್ಗು. ಗೆರೆಯ ಗುರುತೂ ಉಳಿದಿರಲಿಲ್ಲ.

"ಅಚ್ಚು ಇದೆ ಅಕ್ಕ, ಎರಡೇ ವಾರ, ಮತ್ತೆ ಮೊದಲಿನ ಹಾಗೆ..."

"ಮುಟ್ಟಬೇಡ" ಎಂದಳು ಅಕ್ಕ. "ಇದು ನಿನ್ನ ಭಾವ ಬೀಳಿಸಿದ್ದು."

ತೊಯ್ದು ತೊಪ್ಪೆಯಾದ ಔಷಧಿ ಚೀಲವನ್ನು ಬಲಗಡೆಯಿಂದ ಬಿಚ್ಚಿದಳು. ನೀರು ಹಿಂಡಿ ಎಡಗಡೆಗೆ ನೇತುಹಾಕಿದಳು.